ಬೀದರಿನ ಕಪ್ಪು, ಪರದೆಯ ಕಪ್ಪು

ಬಿದ್ರಿ ಕೆಲಸದ ಹೂಜಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಒಂದು ಸಂಗತಿ ಹೊಳೆದಿರುತ್ತದೆ. ಅದರಲ್ಲಿ ಮಿನುಗುವುದು ಬೆಳ್ಳಿ, ಆದರೆ ಮಿನುಗಿಸುವುದು ಬೆಳ್ಳಿಯ ಹಿಂದಿರುವ ಕಪ್ಪು. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಚಿತ್ತಾರ ಕೊರೆದು, ಅದರೊಳಗೆ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಆ ಕಪ್ಪು ಸ್ವಲ್ಪ ಬೂದಿಬಣ್ಣಕ್ಕೆ ತಿರುಗಿದರೂ ಕುಶಲಕರ್ಮಿಯ ವಾರಗಳ ದುಡಿಮೆ ಸಪ್ಪೆಯಾಗಿ ಕಾಣುತ್ತದೆ.

ಟೆಲಿವಿಷನ್ ಪರದೆಯ ಚರಿತ್ರೆಯನ್ನೂ ಈ ಒಂದು ಪ್ರಶ್ನೆಯಿಂದಲೇ ಓದಬಹುದು: ಪರದೆಯ ಕಪ್ಪು ಎಷ್ಟು ಕಪ್ಪು? ಅದರ ಜೊತೆಗೆ ಇನ್ನೊಂದು ಪ್ರಶ್ನೆ ನಮ್ಮ ಸೀಮೆಯವರದು: ಕೆಟ್ಟರೆ ಇಲ್ಲೇ ರಿಪೇರಿ ಆಗುತ್ತದೆಯೇ? ಅಂಗಡಿಯ ಗೋಡೆಯ ಮೇಲೆ ಸಾಲಾಗಿ ಹೊಳೆಯುವ ಹೊಸ ಟಿವಿಗಳನ್ನು ಕಂಡಾಗ, ಹೊಸದೆಲ್ಲ ಹಳೆಯದಕ್ಕಿಂತ ಎಲ್ಲ ರೀತಿಯಲ್ಲೂ ಮೇಲು ಎಂದೇ ಅನಿಸುತ್ತದೆ. ಆದರೆ ಬೀದರ್ ನಗರ, ಭಾಲ್ಕಿ, ಔರಾದ್ ಇವುಗಳ ಮನೆಗಳಲ್ಲಿ ಟಿವಿ ಕಳೆದ ಕಾಲವನ್ನು ಗಮನಿಸಿದರೆ ಕಥೆ ಅಷ್ಟು ಸರಳವಾಗಿಲ್ಲ. ಪಿಕ್ಚರ್ ಟ್ಯೂಬಿನಿಂದ ಚಪ್ಪಟೆ ಪರದೆಗೆ ಬರುವಾಗ ನಾವು ಕೆಲವನ್ನು ಪಡೆದೆವು, ಕೆಲವನ್ನು ಕಳೆದುಕೊಂಡೆವು. ಕಳೆದುಕೊಂಡದ್ದರಲ್ಲಿ ಒಂದು ಹತ್ತು ವರ್ಷಗಳ ನಂತರ ಮರಳಿ ಸಿಕ್ಕಿತು. ಇನ್ನೊಂದು ಸಿಕ್ಕಿಲ್ಲ.

ಈ ಭಾಗಕ್ಕೆ ಟಿವಿ ಬಂದ ಬಗೆಯೇ ವಿಶೇಷ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ, ಹಿಂದುಳಿದ ಜಿಲ್ಲೆಗಳೆಂದು ಹಣೆಪಟ್ಟಿ ಹೊತ್ತಿದ್ದ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರಿನ ಹಳ್ಳಿಗಳು ಟಿವಿ ನೋಡಿದ್ದವು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಶೈಕ್ಷಣಿಕ ಪ್ರಯೋಗ ಅದು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟಿತ್ತು. ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟಿತು. ಸೆಟ್ಟುಗಳನ್ನು ತಯಾರಿಸಿದ್ದು ಹೈದರಾಬಾದಿನ ಇಸಿಐಎಲ್ ಕಾರ್ಖಾನೆ. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿಯ ಛತ್ರಿ ಆಂಟೆನಾ, ಸಾರ್ವಜನಿಕ ಜಾಗದಲ್ಲಿ ಒಂದು ಕಪ್ಪು-ಬಿಳುಪು ಟಿವಿ, ಮುಂದೆ ನೆಲದ ಮೇಲೆ ಕೂತ ಊರು. ವಿದ್ಯುತ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಯಿಂದ ನಡೆಸಿದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಪ್ರಯೋಗದ ಯೋಜಕರು ಚಿತ್ರ ಚೆನ್ನಾಗಿರಬೇಕು ಎಂಬುದರಷ್ಟೇ ತೂಕವನ್ನು ಸೆಟ್ಟು ಕೆಟ್ಟಾಗ ಏನು ಮಾಡಬೇಕು ಎಂಬುದಕ್ಕೂ ಕೊಟ್ಟಿದ್ದರು. ಹಳ್ಳಿಗಳ ಗುಂಪಿಗೊಂದು ದುರಸ್ತಿ ಕೇಂದ್ರ, ಬಿಡಿಭಾಗಗಳು, ಓಡಾಡಲು ಜೀಪು, ತರಬೇತಾದ ತಂತ್ರಜ್ಞರು ಎಲ್ಲವನ್ನೂ ಪ್ರಸಾರಕ್ಕೆ ಮೊದಲೇ ಸಿದ್ಧಪಡಿಸಿದ್ದರು. ಧೂಳು, ಬಿಸಿಲು, ಏರಿಳಿಯುವ ವೋಲ್ಟೇಜು ಇವನ್ನು ತಡೆದುಕೊಳ್ಳುವಂತೆ ಸೆಟ್ಟನ್ನು ರೂಪಿಸಲಾಗಿತ್ತು. ಒಂದು ವರ್ಷ ಮುಗಿದ ಮೇಲೆ ಉಪಗ್ರಹ ಹೋಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. ಅದೇ ವರ್ಷ ಹೈದರಾಬಾದಿನಲ್ಲೂ ಕೇಂದ್ರ ಆರಂಭವಾಯಿತು.

ಬೀದರ್ ಈ ಎರಡು ಕೇಂದ್ರಗಳ ನಡುವಿನ ಊರು. ಗುಲ್ಬರ್ಗಾ, ಅಂದರೆ ಈಗಿನ ಕಲಬುರಗಿ, ನೇರ ಗೆರೆಯಲ್ಲಿ ನೂರು ಕಿಲೋಮೀಟರಿಗೆ ತುಸು ಕಡಿಮೆ ದೂರ. ಹೈದರಾಬಾದ್ ನೂರಕ್ಕಿಂತ ತುಸು ಹೆಚ್ಚು. ಟಿವಿ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಸಾಗುವುದರಿಂದ ಇಂಥ ದೂರಕ್ಕೆ ತಲುಪುವ ಹೊತ್ತಿಗೆ ಬಲ ಕಳೆದುಕೊಂಡಿರುತ್ತವೆ. ಬೀದರ್ ನಗರ ಕೆಂಪು ಜಂಬಿಟ್ಟಿಗೆಯ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿದೆ, ಆ ಎತ್ತರದ ಲಾಭ ಅದಕ್ಕಿತ್ತು. ಮಾಂಜ್ರಾ ಬಯಲಿನ ಕಡೆ ಇಳಿದಂತೆ ಆ ಲಾಭ ಇಲ್ಲ. ಭಾಲ್ಕಿ ಮತ್ತು ಔರಾದ್ ಎರಡೂ ಬೀದರಿನಿಂದ ಸುಮಾರು ನಲವತ್ತು ಕಿಲೋಮೀಟರ್ ಆಚೆ, ಒಂದು ವಾಯವ್ಯಕ್ಕೆ, ಇನ್ನೊಂದು ಉತ್ತರಕ್ಕೆ.

1984ರ ಸುಮಾರಿಗೆ ದೇಶದ ತುಂಬ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳನ್ನು ಭರದಿಂದ ಕಟ್ಟಲಾಯಿತು. ಆಗ ದಿನಕ್ಕೊಂದು ಕೇಂದ್ರ ಎಂಬ ಮಾತಿತ್ತು. 100 ವ್ಯಾಟಿನ ಅಂಥ ಕೇಂದ್ರದ ಚಿತ್ರ ಚೆನ್ನಾಗಿ ಸಿಗುವುದು ಹದಿನೈದು-ಇಪ್ಪತ್ತು ಕಿಲೋಮೀಟರಿನ ಸುತ್ತಳತೆಯಲ್ಲಿ. ಅದರಾಚೆಯವರು ಮಾಳಿಗೆಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ, ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬರು ಮೇಲೆ ನಿಂತು ತಿರುಗಿಸುತ್ತ, ಇನ್ನೊಬ್ಬರು ಕೆಳಗಿನಿಂದ “ಬಂತು, ಬಂತು, ಹೋಯ್ತು” ಎಂದು ಕೂಗುತ್ತ ಚಿತ್ರ ಹಿಡಿಯಬೇಕಿತ್ತು. ಬೀದರಿನ ಆಕಾಶದಲ್ಲಿ ವಾಯುಪಡೆಯ ತರಬೇತಿ ವಿಮಾನಗಳು ಹಾರುತ್ತಲೇ ಇರುತ್ತವೆ. ವಿಮಾನದ ಲೋಹದ ಮೈಗೆ ತಾಗಿ ಮರಳುವ ಅಲೆ ಮೂಲ ಅಲೆಯೊಂದಿಗೆ ಬೆರೆತರೆ ಚಿತ್ರ ನಡುಗುವುದು ಸಹಜ. ಚಿತ್ರದ ಗುಣಮಟ್ಟ ಎಂಬ ಮಾತು ಆಗ ಬಂದರೆ ಅದರ ಅರ್ಥ ಇಷ್ಟೇ: ಪರದೆಯ ಮೇಲೆ ಎಷ್ಟು ಅಕ್ಕಿಕಾಳು ಉದುರುತ್ತಿವೆ, ಒಂದು ಮುಖದ ಪಕ್ಕ ಅದರದೇ ನೆರಳು ಎಷ್ಟು ಕಾಣುತ್ತಿದೆ. ಆ ದಿನಗಳಲ್ಲಿ ಟಿವಿ ಇಟ್ಟುಕೊಳ್ಳಲು ಅಂಚೆ ಕಚೇರಿಯ ಲೈಸೆನ್ಸು ಬೇಕಿತ್ತು. ಅದು ರದ್ದಾದದ್ದು ಎಂಬತ್ತರ ದಶಕದ ನಡುವಿನಲ್ಲಿ.

ಪಿಕ್ಚರ್ ಟ್ಯೂಬಿನ ತತ್ವ ಹಳೆಯದು. ಜರ್ಮನಿಯ ಫರ್ಡಿನಾಂಡ್ ಬ್ರೌನ್ ಕ್ಯಾಥೋಡ್ ಕಿರಣದ ಕೊಳವೆಯನ್ನು 1897ರಲ್ಲೇ ಮಾಡಿದ್ದ. ಗಾಳಿ ತೆಗೆದ ಗಾಜಿನ ಬುಡ್ಡಿ, ಅದರ ಕತ್ತಿನಲ್ಲಿ ಕಾದು ಕೆಂಪಾದ ಕ್ಯಾಥೋಡು, ಅಲ್ಲಿಂದ ಹೊರಟ ಎಲೆಕ್ಟ್ರಾನುಗಳನ್ನು ಸೆಳೆಯಲು ಸಾವಿರಾರು ವೋಲ್ಟಿನ ವಿದ್ಯುತ್ತು. ಬಣ್ಣದ ಟಿವಿಯಲ್ಲಿ ಅದು ಸುಮಾರು 25,000 ವೋಲ್ಟ್. ಕಿರಣ ಪರದೆಯ ಹಿಂಬದಿಯ ರಂಜಕದ ಲೇಪಕ್ಕೆ ಬಡಿದ ಜಾಗ ಬೆಳಗುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ 625 ಗೆರೆಗಳು, ಸೆಕೆಂಡಿಗೆ 25 ಚಿತ್ರ, ಒಂದೊಂದನ್ನೂ ಬೆಸ ಗೆರೆ ಒಮ್ಮೆ ಸಮ ಗೆರೆ ಒಮ್ಮೆ ಎಂದು ಎರಡು ಕಂತಿನಲ್ಲಿ ಬರೆಯುವುದು. ಕಿರಣ ಬಡಿಯದ ಜಾಗದಲ್ಲಿ ಬೆಳಕೇ ಹುಟ್ಟುವುದಿಲ್ಲ. ಆದ್ದರಿಂದ ದೀಪ ಆರಿಸಿದ ಕೋಣೆಯಲ್ಲಿ ಟ್ಯೂಬಿನ ಕಪ್ಪು ನಿಜವಾದ ಕಪ್ಪಿಗೆ ಬಹಳ ಹತ್ತಿರ. ಹಗಲಿನಲ್ಲಿ ಮಾತ್ರ ಪರದೆಯ ಗಾಜೇ ಬೂದಿಬಣ್ಣವಾಗಿ ಕಾಣುತ್ತಿತ್ತು. ಅದಕ್ಕೇ ಕಿಟಕಿ ಮುಚ್ಚಿ ಟಿವಿ ನೋಡುವ ರೂಢಿ.

ಇದರ ಇನ್ನೊಂದು ಗುಣ ಇಲ್ಲಿಯ ಜನಜೀವನಕ್ಕೆ ಹೇಳಿ ಮಾಡಿಸಿದಂತಿತ್ತು. ರಂಜಕದ ಬೆಳಕು ಎಲ್ಲ ದಿಕ್ಕಿಗೂ ಒಂದೇ ಸಮ ಹರಡುತ್ತದೆ. 1987ರ ಜನವರಿಯಲ್ಲಿ ‘ರಾಮಾಯಣ’ ಧಾರಾವಾಹಿ ಶುರುವಾದಾಗ, 1988ರಲ್ಲಿ ಅದು ಮುಗಿದು ‘ಮಹಾಭಾರತ’ ಬಂದಾಗ, ಆಮೇಲೆ ಟಿಪ್ಪುವಿನ ಧಾರಾವಾಹಿ ಬಂದಾಗ ಒಂದು ಟಿವಿಯ ಮುಂದೆ ಒಂದು ಓಣಿಯೇ ಕೂರುವ ಕಾಲ. ನಡುವೆ ಕೂತವರಿಗೂ, ಬಾಗಿಲ ಸಂದಿಯಲ್ಲಿ ನಿಂತ ಮಕ್ಕಳಿಗೂ, ಪಡಸಾಲೆಯ ಮೂಲೆಯಿಂದ ಇಣುಕಿದ ಹೆಂಗಸರಿಗೂ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಟಿವಿ ನೋಡಬಹುದೋ ಬಾರದೋ ಎಂಬ ಚರ್ಚೆ ಅನೇಕ ಮುಸ್ಲಿಂ ಮನೆಗಳಲ್ಲಿ ಆಗ ನಡೆಯುತ್ತಲೇ ಇತ್ತು. ಆ ಚರ್ಚೆಯ ಬಹುಪಾಲು ಜನ ವಾರ್ತೆಗೂ ಕ್ರಿಕೆಟ್ಟಿಗೂ ಪಕ್ಕದ ಮನೆಗೆ ಹೋಗುತ್ತಿದ್ದರು ಎಂಬುದೂ ಸುಳ್ಳಲ್ಲ.

ಬಣ್ಣ ಬಂದದ್ದು 1982ರಲ್ಲಿ. ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮದೊಂದಿಗೆ ಆರಂಭವಾಗಿ ನವೆಂಬರಿನ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಅದು ಮನೆಮಾತಾಯಿತು. ದೇಶೀ ತಯಾರಿಕೆ ಸಾಲದೆ ಸರ್ಕಾರ ಹೊರಗಿನ ಸೆಟ್ಟುಗಳಿಗೂ ಬಿಡಿಭಾಗಗಳ ಕಿಟ್ಟುಗಳಿಗೂ ಅನುಮತಿ ಕೊಟ್ಟಿತು. ನಂತರದ ವರ್ಷಗಳಲ್ಲಿ ಡಯನೋರಾ, ಸಾಲಿಡೇರ್, ಒನಿಡಾ, ಬಿಪಿಎಲ್ ಇವುಗಳ ಹೆಸರು ಎಲ್ಲೆಡೆ ಕೇಳಿಬಂತು. ವಿಡಿಯೋಕಾನಿನ ಕಾರ್ಖಾನೆ ಇದ್ದದ್ದು ನಮ್ಮ ನೆರೆಯ ಮರಾಠವಾಡದ ಔರಂಗಾಬಾದಿನ ಬಳಿ.

ಅಂಗಡಿಯಿಂದ ಬಾರದೆ ವಿಮಾನ ನಿಲ್ದಾಣದಿಂದ ಬಂದ ಟಿವಿಗಳೂ ಇದ್ದವು. ಈ ಸೀಮೆಯಿಂದ ಸೌದಿಗೂ ದುಬೈಗೂ ಕೆಲಸಕ್ಕೆ ಹೋದವರು ಹೈದರಾಬಾದಿನಲ್ಲೋ ಮುಂಬಯಿಯಲ್ಲೋ ಇಳಿದು ಹೊತ್ತು ತಂದ ಜಪಾನಿ ಸೆಟ್ಟುಗಳು. ಚಿತ್ರದ ಮಟ್ಟಿಗೆ ಇವು ಬಲು ಮೇಲು. 1968ರಲ್ಲಿ ಸೋನಿ ಹೊರತಂದ ಟ್ರಿನಿಟ್ರಾನ್ ಟ್ಯೂಬಿನಲ್ಲಿ ತೂತಿನ ತಗಡಿನ ಬದಲು ಉದ್ದ ಸೀಳುಗಳ ಜಾಲರಿ ಇದ್ದು, ಹೆಚ್ಚು ಕಿರಣ ಪರದೆಗೆ ತಲುಪಿ ಬಣ್ಣ ಬೆಳಗುತ್ತಿತ್ತು. ಆದರೆ ತಂದ ಮೇಲೆ ಸಮಸ್ಯೆ ಶುರು. ಸೌದಿ ಅರೇಬಿಯಾದ ಪ್ರಸಾರ ಸೆಕಾಂ ಪದ್ಧತಿಯದು, ನಮ್ಮದು ಪಾಲ್. ಹಲವು ಪದ್ಧತಿಗಳನ್ನು ಬಲ್ಲ ಸೆಟ್ಟಲ್ಲದಿದ್ದರೆ ಇಲ್ಲಿ ಚಿತ್ರ ಬಣ್ಣಗೆಟ್ಟು ಕಪ್ಪು-ಬಿಳುಪಾಗುತ್ತಿತ್ತು. ಸೌದಿ ಮನೆಗಳ ಸಾಕೆಟ್ಟಿನಲ್ಲಿ ಆಗ 127 ವೋಲ್ಟ್ ಇರುತ್ತಿತ್ತು. ಅಷ್ಟಕ್ಕೆ ಮಾತ್ರ ಮಾಡಿದ ಸಾಮಾನನ್ನು ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟಿತೆಂದೇ ಲೆಕ್ಕ. ಹೀಗಾಗಿ ಟಿವಿಯ ಪಕ್ಕದಲ್ಲಿ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರೊಂದು ಕೂರುತ್ತಿತ್ತು. ಎಷ್ಟೋ ವರ್ಷದ ಬೆವರಿನ ಆ ಪೆಟ್ಟಿಗೆಗೆ ಕಸೂತಿಯ ಹೊದಿಕೆ ಹಾಕಿ ಮರದ ಕಪಾಟಿನಲ್ಲಿಟ್ಟು ಬೀಗ ಹಾಕುವುದೂ ಇತ್ತು.

ಟ್ಯೂಬ್ ಟಿವಿ ಗಟ್ಟಿ ಎಂಬ ಮಾತು ಇಂದಿಗೂ ಕೇಳುತ್ತದೆ. ಅರ್ಧ ನಿಜ. ಟ್ಯೂಬ್ ಟಿವಿ ಕೆಡುತ್ತಲೇ ಇತ್ತು. ಸಂಜೆ ವೋಲ್ಟೇಜು ಇಳಿದರೆ ಹಳೆಯ ಸೆಟ್ಟುಗಳಲ್ಲಿ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ, ಸುತ್ತ ಕಪ್ಪು ಅಂಚು ಬರುತ್ತಿತ್ತು. ಸ್ಟೆಬಿಲೈಜರ್ ಇಲ್ಲದೆ ಟಿವಿ ಕೊಳ್ಳುವಂತಿರಲಿಲ್ಲ. ಸ್ವಿಚ್ ಮೋಡ್ ವಿದ್ಯುತ್ ಮಂಡಲ ಬಂದ ಮೇಲೆ, 90ರಿಂದ 270 ವೋಲ್ಟಿನವರೆಗೂ ನಡೆಯುತ್ತದೆ ಎಂದು ಜಾಹೀರಾತು ಕೊಡುವ ಸೆಟ್ಟುಗಳು ಬಂದ ಮೇಲೆ ಆ ಕಾಟ ತಗ್ಗಿತು. ಇಪ್ಪತ್ತೈದು ಸಾವಿರ ವೋಲ್ಟನ್ನು ಹುಟ್ಟಿಸುವ ಎಲ್‌ಒಟಿ ಟ್ರಾನ್ಸ್‌ಫಾರ್ಮರು, ಅದನ್ನು ನಡೆಸುವ ಟ್ರಾನ್ಸಿಸ್ಟರು, ಬಿಸಿಗೆ ಒಣಗುವ ಕಂಡೆನ್ಸರು, ಬಿರುಕು ಬಿಟ್ಟ ಬೆಸುಗೆ, ಇವು ಮಾಮೂಲಿ ಕಾಯಿಲೆಗಳು. ಆ ಹೆಚ್ಚಿನ ವೋಲ್ಟೇಜು ಧೂಳನ್ನು ಅಯಸ್ಕಾಂತದಂತೆ ಎಳೆಯುತ್ತದೆ. ಬೀದರಿನ ಕೆಂಪು ಧೂಳು ಒಳಗೆ ಪದರಗಟ್ಟಿ, ಮಳೆಗಾಲದ ತೇವ ತಾಗಿದರೆ ಚಟಪಟ ಕಿಡಿ. ಹತ್ತು ಹದಿನೈದು ವರ್ಷಕ್ಕೆ ಕ್ಯಾಥೋಡಿನ ಶಕ್ತಿ ಕುಂದಿ ಚಿತ್ರ ಮಸುಕಾಗುತ್ತಿತ್ತು. ಆಗ ಮೆಕ್ಯಾನಿಕ್ಕರು “ಟ್ಯೂಬ್ ವೀಕ್ ಆಗಿದೆ” ಎಂದು ಹೇಳಿ, ಹೀಟರಿನ ವೋಲ್ಟೇಜನ್ನು ಕೊಂಚ ಏರಿಸಿ ಇನ್ನೊಂದೆರಡು ವರ್ಷ ಎಳೆಯುತ್ತಿದ್ದರು.

ಗಟ್ಟಿತನ ಇದ್ದದ್ದು ಇಲ್ಲಿ. ಒಂದೊಂದು ಭಾಗವೂ ಕಣ್ಣಿಗೆ ಕಾಣುವಷ್ಟು ದೊಡ್ಡದು, ಬೇರೆಬೇರೆ ಕಂಪನಿಯ ಸೆಟ್ಟುಗಳ ಒಳಗೂ ಹೆಚ್ಚುಕಡಿಮೆ ಒಂದೇ ಬಗೆಯ ಸಾಮಾನು, ಸಾಮಾನು ಹೈದರಾಬಾದಿನ ಬಜಾರಿನಲ್ಲಿ ಲಭ್ಯ. ವಾಲ್ವ್ ರೇಡಿಯೋದ ಕಾಲದಿಂದ ಬಂದ ರಿಪೇರಿ ಅಂಗಡಿಗಳು ಟಿವಿಗೆ ಸುಲಭವಾಗಿ ಹೊರಳಿದವು. ಉಸ್ತಾದರ ಕೈಕೆಳಗೆ ಶಾಗಿರ್ದನಾಗಿ ವರ್ಷಗಟ್ಟಲೆ ಕೂತು, ಸೋಲ್ಡರಿನ ಹೊಗೆ ಕುಡಿದು ಕಲಿತವರೇ ಇಲ್ಲಿ ಹೆಚ್ಚು. ಕೆಲವರು ಐಟಿಐ ಕಲಿತವರು. ಚಿತ್ರ ಅಡ್ಡಗೆರೆಯಾಗಿ ಕುಗ್ಗಿದರೆ ಯಾವ ಐಸಿ, ನಿಂತಗೆರೆಯಾದರೆ ಯಾವ ಕಾಯಿಲು ಎಂದು ಮುಚ್ಚಳ ತೆಗೆಯುವ ಮುನ್ನವೇ ಹೇಳಬಲ್ಲವರು. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕು ಮಾತಿನ ಗಿರಾಕಿಗಳೂ ಬರುವ ಈ ಗಡಿ ಪ್ರದೇಶದಲ್ಲಿ ಅವರ ಪರಿಭಾಷೆ ಒಂದೇ. ಬಡ ಮುಸ್ಲಿಂ ಹುಡುಗರಿಗೆ ಹೊಲವಿಲ್ಲದೆ, ಸರ್ಕಾರಿ ನೌಕರಿಯಿಲ್ಲದೆ, ಕೈಕಸುಬಿನಿಂದ ಮರ್ಯಾದೆಯ ಬದುಕು ಕಟ್ಟಿಕೊಳ್ಳಲು ಇದ್ದ ಕೆಲವೇ ದಾರಿಗಳಲ್ಲಿ ಇದೂ ಒಂದಾಗಿತ್ತು. ಬಿದ್ರಿಯ ಕಾರ್ಖಾನೆಗೆ ಹೋಗದ ಹುಡುಗ ರೇಡಿಯೋ ಅಂಗಡಿಗೆ ಹೋದ ಎಂದರೆ ಅತಿಶಯೋಕ್ತಿ ಆದೀತು, ಆದರೆ ಎರಡರ ಶಿಸ್ತು ಒಂದೇ.

ಕೇಬಲ್ ಬಂದದ್ದು ತೊಂಬತ್ತರ ದಶಕದಲ್ಲಿ. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, ಮರುವರ್ಷ ಈಟಿವಿ ಉರ್ದು. ಕಂಬದಿಂದ ಕಂಬಕ್ಕೆ ಜೋತಾಡುವ ತಂತಿಯಲ್ಲಿ ಬಂದ ಆ ಚಿತ್ರ ಕೊನೆಯ ಮನೆಗೆ ತಲುಪುವಾಗ ಸಾಕಷ್ಟು ಮಸುಕಾಗಿರುತ್ತಿತ್ತು. ಗುಡುಗಿನ ದಿನ ಅದೇ ತಂತಿ ಸಿಡಿಲಿನ ಪೆಟ್ಟನ್ನೂ ಒಳಗೆ ತರುತ್ತಿತ್ತು. ಆದರೆ 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಟಿಎಚ್ ಸೇವೆ ಬಂದಾಗ ಒಂದು ದೊಡ್ಡ ಬದಲಾವಣೆ ಆಯಿತು. ಇದನ್ನು ಯಾರೂ ಅಷ್ಟಾಗಿ ಗುರುತಿಸಿದಂತಿಲ್ಲ. ಎರಡು ಅಡಿಯ ತಟ್ಟೆ, ಒಂದು ಪೆಟ್ಟಿಗೆ, ಕೆಂಪು-ಬಿಳಿ-ಹಳದಿ ಮೂರು ವೈರು. ಅಷ್ಟರಿಂದ ಔರಾದಿನ ಕೊನೆಯ ತಾಂಡಾದಲ್ಲಿದ್ದ ಟ್ಯೂಬ್ ಟಿವಿಗೂ ಬೆಂಗಳೂರಿನ ಟಿವಿಗೂ ಒಂದೇ ಚಿತ್ರ ಸಿಕ್ಕಿತು. ಅಕ್ಕಿಕಾಳು ಇಲ್ಲ, ನೆರಳು ಇಲ್ಲ, ಆಂಟೆನಾ ತಿರುಗಿಸುವ ಕೂಗಾಟ ಇಲ್ಲ. ಹೆಚ್ಚಿನವರು ಟ್ಯೂಬ್ ಟಿವಿ ಮಸುಕು ಎಂದುಕೊಂಡದ್ದು ವಾಸ್ತವವಾಗಿ ಸಿಗ್ನಲ್ಲಿನ ಮಸುಕು. ಮೂವತ್ತು ವರ್ಷ ಕಾದ ಶುದ್ಧ ಸಿಗ್ನಲ್ಲು ಬಂದದ್ದು ಟ್ಯೂಬಿಗೆ ಸಾವು ಸಮೀಪಿಸಿದಾಗ.

ಆ ಹೊತ್ತಿಗೆ ಹೊರಗೆ ಎರಡು ಚಪ್ಪಟೆ ಪರದೆಗಳ ಪೈಪೋಟಿ ನಡೆದಿತ್ತು. ಪ್ಲಾಸ್ಮಾ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಹುಟ್ಟಿದ್ದು. ಸಣ್ಣ ಸಣ್ಣ ಕೋಶಗಳಲ್ಲಿ ನಿಯಾನ್ ಮತ್ತು ಕ್ಸೆನಾನ್ ಅನಿಲ ತುಂಬಿ ವಿದ್ಯುತ್ತಿನಿಂದ ಬೆಳಗಿಸಿ, ಆ ಅತಿನೇರಳೆ ಕಿರಣದಿಂದ ರಂಜಕವನ್ನು ಹೊಳೆಯಿಸುವುದು. ತನ್ನ ಬೆಳಕನ್ನು ತಾನೇ ಹುಟ್ಟಿಸುವುದರಿಂದ ಅದರ ಕಪ್ಪು ಒಳ್ಳೆಯದು, ಓಡುವ ಚಿತ್ರ ಸ್ಪಷ್ಟ, ಯಾವ ಬದಿಯಿಂದ ನೋಡಿದರೂ ಒಂದೇ. ಚಿತ್ರದ ಮಟ್ಟಿಗೆ ಅದು ಟ್ಯೂಬಿನ ನಿಜವಾದ ವಾರಸುದಾರ. ಆದರೆ 42 ಇಂಚಿನ ಪ್ಲಾಸ್ಮಾಕ್ಕೆ 200-300 ವ್ಯಾಟ್ ವಿದ್ಯುತ್ತು ಬೇಕು. ಲೋಡ್ ಶೆಡ್ಡಿಂಗಿನಲ್ಲಿ ಒಂದು ಬ್ಯಾಟರಿಯ ಇನ್ವರ್ಟರಿನ ಮೇಲೆ ಬದುಕುವ ಊರಿಗೆ ಅದು ಒಗ್ಗುವಂಥದಲ್ಲ, ಬೆಲೆಯೂ ಎಟುಕುವಂಥದಲ್ಲ. ಪ್ಯಾನಾಸೋನಿಕ್ 2013ರ ಕೊನೆಗೆ, ಸ್ಯಾಮ್ಸಂಗ್ ಮತ್ತು ಎಲ್‌ಜಿ ಮರುವರ್ಷ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿದವು.

ಗೆದ್ದದ್ದು ಎಲ್‌ಸಿಡಿ. ಅದರ ತತ್ವವೇ ಬೇರೆ. ಹಿಂದೆ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಮುಂದಿನ ದ್ರವ ಹರಳಿನ ಪರದೆ ಸಾವಿರಾರು ಕಿಟಕಿಗಳಂತೆ ತೆರೆದು ಮುಚ್ಚಿ ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಮುಚ್ಚಿದ ಕಿಟಕಿಯಿಂದಲೂ ತುಸು ಬೆಳಕು ಸೋರುತ್ತದೆ. ಅದಕ್ಕೇ ದೀಪ ಆರಿಸಿ ನೋಡಿದಾಗ ರಾತ್ರಿಯ ದೃಶ್ಯದ ಆಕಾಶ ಬೂದಿಯಾಗಿ ಕಾಣುವುದು. ಸಾಮಾನ್ಯವಾದ ಐಪಿಎಸ್ ಬಗೆಯ ಪ್ಯಾನೆಲಿನಲ್ಲಿ ಬಿಳಿಗೂ ಕಪ್ಪಿಗೂ ಇರುವ ಅಂತರ ಸುಮಾರು ಸಾವಿರಕ್ಕೆ ಒಂದು. ವಿಎ ಬಗೆಯದರಲ್ಲಿ ಮೂರು ಸಾವಿರಕ್ಕೂ ಮೇಲೆ ಹೋಗುತ್ತದೆ, ಆದರೆ ಅದನ್ನು ಬದಿಯಿಂದ ನೋಡಿದರೆ ಬಣ್ಣ ತೊಳೆದಂತೆ ಕಾಣುತ್ತದೆ. ಮನೆತುಂಬ ಜನ ಕೂತು ನೋಡುವಲ್ಲಿ ಇದು ಸಣ್ಣ ದೋಷವಲ್ಲ. ಕ್ರಿಕೆಟ್ ಚೆಂಡಿಗೆ ಬಾಲ ಬೆಳೆದದ್ದೂ ಈ ಕಾಲದಲ್ಲೇ. ಟ್ಯೂಬಿನಲ್ಲಿ ಪ್ರತಿ ಬಿಂದು ಕ್ಷಣಮಾತ್ರ ಮಿಂಚಿ ಆರುತ್ತಿತ್ತು. ಎಲ್‌ಸಿಡಿ ಇಡೀ ಚಿತ್ರವನ್ನು ಮುಂದಿನದು ಬರುವವರೆಗೆ ಹಿಡಿದುಕೊಂಡಿರುತ್ತದೆ. ಕಣ್ಣು ಮುಂದೆ ಸರಿಯುತ್ತದೆ, ಚಿತ್ರ ಅಲ್ಲೇ ಇರುತ್ತದೆ, ಹೀಗಾಗಿ ಕದಡಿದಂತೆ ಕಾಣುತ್ತದೆ.

ಇದಕ್ಕಿಂತ ದೊಡ್ಡ ಎಡವಟ್ಟು ಬೇರೆ. ಕೇಬಲ್ಲಿನಲ್ಲಿ ಬರುತ್ತಿದ್ದ ಚಿತ್ರ ಹೆಚ್ಚೆಂದರೆ 576 ಗೆರೆಯದು. ಹೊಸ ಟಿವಿಯ ಪರದೆ 768 ಅಥವಾ 1080 ಗೆರೆಯದು. ಇಲ್ಲದ ಗೆರೆಗಳನ್ನು ಟಿವಿ ತಾನೇ ಊಹಿಸಿ ತುಂಬಬೇಕು. ಆರಂಭದ ಅಗ್ಗದ ಸೆಟ್ಟುಗಳು ಈ ಊಹೆಯಲ್ಲಿ ಬಹಳ ದಡ್ಡ. ಸಾಲದ್ದಕ್ಕೆ ಚೌಕದ ಚಿತ್ರವನ್ನು ಅಗಲದ ಪರದೆಗೆ ಎಳೆದು ಹಾಸಿದ್ದರಿಂದ ವಾರ್ತೆ ಓದುವವರೆಲ್ಲ ಒಂದೇ ದಿನದಲ್ಲಿ ದಪ್ಪಗಾದರು. ನಾಲ್ಕು ಪಟ್ಟು ಹಣ ಕೊಟ್ಟು ತಂದ ಟಿವಿಯಲ್ಲಿ ಹಳೆಯದಕ್ಕಿಂತ ಕೆಟ್ಟ ಚಿತ್ರ ಕಂಡಿತೆಂದು ಹೇಳಿಕೊಂಡವರು ಬಹಳ ಮಂದಿ. ಅವರ ಕಣ್ಣು ಸರಿಯಾಗಿಯೇ ಇತ್ತು. ಕೇಬಲ್ಲಿನ ಡಿಜಿಟಲೀಕರಣದ ಕೊನೆಯ ಹಂತದ ಗಡುವು 2017ರ ಮಾರ್ಚ್ ತಿಂಗಳದು. ಸಣ್ಣ ಊರುಗಳಿಗೆ ಚಪ್ಪಟೆ ಪರದೆಗೆ ತಕ್ಕ ಸಿಗ್ನಲ್ಲು ಬರಬೇಕಾದರೆ ಅಷ್ಟು ಕಾಯಬೇಕಾಯಿತು.

ಆದರೂ ಎಲ್‌ಸಿಡಿ ಗೆದ್ದದ್ದಕ್ಕೆ ಕಾರಣವಿದೆ. 21 ಇಂಚಿನ ಟ್ಯೂಬ್ ಟಿವಿ ಇಪ್ಪತ್ತು ಕಿಲೋಗೂ ಹೆಚ್ಚು ಭಾರ. ಅದನ್ನು ರಿಪೇರಿಗೆ ಒಯ್ಯಲು ಆಟೋ ಬೇಕು, ಇಬ್ಬರು ಗಂಡಸರು ಬೇಕು. ಹೊಸದನ್ನು ಬೈಕಿನ ಮೇಲೆ ಇಬ್ಬರು ಕೂತು ತರಬಹುದು. ಹಗಲು ಬೆಳಕಿನಲ್ಲೂ ಚಿತ್ರ ಕಾಣುತ್ತದೆ. ಮಿಂಚದೆ ನಿಂತ ಚಿತ್ರ ಕಣ್ಣಿಗೆ ಹಿತ. ಎಲ್ಲಕ್ಕಿಂತ ಮುಖ್ಯವಾಗಿ 32 ಇಂಚಿನದು ಸುಮಾರು 50 ವ್ಯಾಟಿನಲ್ಲಿ, ಅಂದರೆ ಒಂದು ಫ್ಯಾನಿನ ಆಸುಪಾಸಿನ ವಿದ್ಯುತ್ತಿನಲ್ಲಿ ನಡೆಯುತ್ತದೆ. ಕರೆಂಟು ಹೋದಾಗಲೂ ಇನ್ವರ್ಟರಿನ ಮೇಲೆ ಓಡುವ ಟಿವಿ ಎಂಬುದು ಔರಾದ್ ತಾಲ್ಲೂಕಿನ ಮನೆಗೆ ಚಿತ್ರದ ಕಪ್ಪಿಗಿಂತ ದೊಡ್ಡ ಸಂಗತಿ. ಇದನ್ನು ಒಪ್ಪಲೇಬೇಕು.

2009ರ ಸುಮಾರಿಗೆ ‘ಎಲ್‌ಇಡಿ ಟಿವಿ’ ಎಂಬ ಹೆಸರು ಮಾರುಕಟ್ಟೆಗೆ ಬಂತು. ಹೆಸರು ದಾರಿ ತಪ್ಪಿಸುವಂಥದು. ಪರದೆ ಅದೇ ಎಲ್‌ಸಿಡಿ. ಹಿಂದಿನ ಸಣ್ಣ ಟ್ಯೂಬ್‌ಲೈಟುಗಳ ಬದಲು ಎಲ್‌ಇಡಿ ದೀಪ ಬಂತು, ಅಷ್ಟೇ. ಇಂದು ಕ್ಯೂಎಲ್‌ಇಡಿ ಎನ್ನುವುದೂ ಅದೇ ವಂಶದ್ದು. ಒಎಲ್‌ಇಡಿ ಮಾತ್ರ ಬೇರೆ. ಅದರಲ್ಲಿ ಪ್ರತಿ ಬಿಂದುವೂ ತಾನೇ ಬೆಳಗಿ ತಾನೇ ಆರುತ್ತದೆ. ಆರಿದ ಬಿಂದು ಪೂರ್ತಿ ಕಪ್ಪು, ಬಿದ್ರಿಯ ಕಪ್ಪು. ಎಲ್‌ಜಿ ಕಂಪನಿಯ 55 ಇಂಚಿನ ಒಎಲ್‌ಇಡಿ 2013ರಲ್ಲಿ ಮಾರಾಟಕ್ಕೆ ಬಂದಾಗ, ಟ್ಯೂಬಿನೊಂದಿಗೆ ಕಳೆದುಹೋಗಿದ್ದು ಮತ್ತಷ್ಟು ಶುದ್ಧವಾಗಿ ಮರಳಿತು. ಬೆಲೆ ಮಾತ್ರ ಇಂದಿಗೂ ಈ ಸೀಮೆಯ ಸಾಮಾನ್ಯ ಮನೆಗೆ ದೂರ. ಅದೇ 2013ರ ಆಗಸ್ಟಿನಲ್ಲಿ, ವಿದೇಶದಿಂದ ಬರುವವರು ಸಾಮಾನಿನೊಂದಿಗೆ ತರುವ ಚಪ್ಪಟೆ ಟಿವಿಗೆ ಸರ್ಕಾರ ಶೇ. 36ರಷ್ಟು ಸುಂಕ ಹಾಕಿತು. ಗಲ್ಫಿನಿಂದ ಟಿವಿ ಹೊತ್ತು ತರುವ ಮೂವತ್ತು ವರ್ಷಗಳ ಪರಿಪಾಠ ಅಲ್ಲಿಗೆ ಹೆಚ್ಚುಕಡಿಮೆ ನಿಂತಿತು.

ಇನ್ನು ಬಾಳಿಕೆ. ಕೆನಡಾದ ಒಂದು ಪರೀಕ್ಷಾ ಸಂಸ್ಥೆ 2022ರಲ್ಲಿ ನೂರು ಟಿವಿಗಳನ್ನು ಸಾಲಾಗಿಟ್ಟು ದಿನದ ಬಹುಪಾಲು ಹೊತ್ತು ಉರಿಸುವ ದೀರ್ಘ ಪರೀಕ್ಷೆಗೆ ಹಚ್ಚಿತು. ಎರಡು ಸಂಗತಿ ಹೊರಬಂದವು. ಒಎಲ್‌ಇಡಿಯಲ್ಲಿ ಸುದ್ದಿ ಚಾನೆಲಿನ ಲಾಂಛನ ಮತ್ತು ಕೆಳಗೆ ಓಡುವ ಪಟ್ಟಿಯ ಗುರುತು ಪರದೆಯಲ್ಲಿ ಅಚ್ಚೊತ್ತಿದಂತೆ ಉಳಿಯುತ್ತದೆ. ಎಲ್‌ಸಿಡಿಗಳ ಪೈಕಿ ದೀಪಗಳನ್ನು ಅಂಚಿನಲ್ಲಿ ಮಾತ್ರ ಇಟ್ಟ ತೆಳ್ಳನೆಯ ಬಗೆ ಬಿಸಿಗೆ ಬೇಗ ಹಾಳಾಗುತ್ತದೆ. ಹಿಂಬದಿಯ ತುಂಬ ದೀಪ ಹರಡಿದ, ನೋಡಲು ತುಸು ದಪ್ಪಗಿರುವ ಬಗೆ ಅದಕ್ಕಿಂತ ಬಾಳುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಸುದ್ದಿ ಚಾನೆಲ್ ಹಾಕಿಡುವ ಮನೆಗಳೂ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮುಟ್ಟುವ ಊರುಗಳೂ ನಮ್ಮವು. ತೆಳುವಾದಷ್ಟೂ ಒಳ್ಳೆಯದೆಂಬ ಅಂಗಡಿಯ ಮಾತನ್ನು ಇಲ್ಲಿ ಅನುಮಾನದಿಂದಲೇ ಕೇಳಬೇಕು.

ರಿಪೇರಿ ಅಂಗಡಿಗೆ ಇದರಿಂದ ಏನಾಯಿತು ಎಂಬುದು ಈ ಚರಿತ್ರೆಯ ನೋವಿನ ಭಾಗ. ಆರಂಭದ ಎಲ್‌ಸಿಡಿಗಳು ಉಸ್ತಾದರಿಗೆ ಸೋಲಲಿಲ್ಲ. ವಿದ್ಯುತ್ ಮಂಡಲದ ಉಬ್ಬಿದ ಕಂಡೆನ್ಸರು ಬದಲಾಯಿಸಿದರೆ ಸತ್ತ ಟಿವಿ ಏಳುತ್ತಿತ್ತು, ಸಾಮಾನಿನ ಬೆಲೆ ಕೆಲವೇ ರೂಪಾಯಿ. ಆದರೆ ಪ್ಯಾನೆಲ್ಲು ಅವರ ಕೈಗೆ ಮೀರಿದ್ದು. ಗಾಜಿನ ಅಂಚಿಗೆ ಕೂದಲಿಗಿಂತ ಸಣ್ಣ ಸಾಲುಗಳಲ್ಲಿ ಅಂಟಿಸಿದ ಪಟ್ಟಿಯೊಂದು ಬಿಟ್ಟರೆ ಪರದೆಯಲ್ಲಿ ನಿಂತ ಗೆರೆ ಮೂಡುತ್ತದೆ. ಅದನ್ನು ಮತ್ತೆ ಅಂಟಿಸಲು ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕು. ಮಗುವಿನ ಕೈಯ ಆಟಿಕೆ ತಾಗಿ ಒಡೆದ ಪ್ಯಾನೆಲಿನ ಬೆಲೆ ಹೊಸ ಟಿವಿಯ ಬೆಲೆಗೆ ಸಮ. ಟ್ಯೂಬಿನ ಕಾಲದಲ್ಲಿ ಒಂದು ಕಾಯಿಲೆ ಎಲ್ಲ ಕಂಪನಿಗಳಿಗೂ ಒಂದೇ ಆಗಿತ್ತು. ಈಗ ಒಂದೇ ಕಂಪನಿಯ ಎರಡು ವರ್ಷದ ಎರಡು ಮಾದರಿಗಳ ಬೋರ್ಡು ಬೇರೆ, ಸಾಫ್ಟ್‌ವೇರ್ ಬೇರೆ. ನಕ್ಷೆ ಹೊರಗೆ ಸಿಗುವುದಿಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ಒಂದನ್ನು ತೆರೆಯಿತು. ಅದು ಗ್ರಾಹಕರಿಗೆ ಕಂಪನಿಗಳ ಸೇವೆಯ ಮಾಹಿತಿ ಕೊಡುತ್ತದೆ. ಗ್ರಾಹಕರಿಗೂ ಕಂಪನಿಗೂ ನಡುವೆ ಮೂವತ್ತು ವರ್ಷ ನಿಂತಿದ್ದ ಓಣಿಯ ಮೆಕ್ಯಾನಿಕ್ಕನಿಗೆ ಬೇಕಾದ ನಕ್ಷೆ ಮತ್ತು ಬಿಡಿಭಾಗವನ್ನು ಕೊಡಲೇಬೇಕೆಂಬ ಕಟ್ಟಳೆ ಅದರಿಂದ ಹುಟ್ಟಲಿಲ್ಲ. ಹಲವರು ಮೊಬೈಲ್ ರಿಪೇರಿಗೆ, ಸಿಸಿ ಕ್ಯಾಮೆರಾಕ್ಕೆ ಹೊರಳಿದರು. ಹಿರಿಯರು ಅಂಗಡಿ ಮುಚ್ಚಿದರು. ಆ ವಿದ್ಯೆ ಯಾವ ಪುಸ್ತಕದಲ್ಲೂ ಬರೆದದ್ದಲ್ಲ, ಬೆರಳುಗಳಲ್ಲಿ ಇದ್ದದ್ದು.

ಸತ್ತ ಟ್ಯೂಬುಗಳ ಕಥೆಯೂ ಇನ್ನೂ ಮುಗಿದಿಲ್ಲ. ಗುಜರಿಯವರು ತಾಮ್ರದ ಸುರುಳಿಯನ್ನೂ ಬೋರ್ಡನ್ನೂ ಬಿಚ್ಚಿಕೊಂಡು ಗಾಜನ್ನು ಬಿಸಾಡುತ್ತಾರೆ. ಎಕ್ಸ್-ಕಿರಣ ಹೊರಬಾರದಂತೆ ತಡೆಯಲು ಆ ಗಾಜಿನ ಹಿಂಭಾಗದಲ್ಲಿ ಸೀಸ ಬೆರೆಸಿರುತ್ತದೆ, ಒಂದೊಂದು ಟ್ಯೂಬಿನಲ್ಲಿ ಒಂದು ಕಿಲೋದಷ್ಟು ಅಥವಾ ಹೆಚ್ಚು. ಹಳೆಯ ಎಲ್‌ಸಿಡಿಗಳ ದೀಪದಲ್ಲಿ ಪಾದರಸ ಇದೆ. ಇ-ತ್ಯಾಜ್ಯದ ನಿಯಮ 2012ರಿಂದ ಜಾರಿಯಲ್ಲಿದ್ದು 2016ರಲ್ಲಿ, ಮತ್ತೆ 2022ರಲ್ಲಿ ಬದಲಾಗಿದೆ. ಮನೆಯ ಅಟ್ಟದ ಮೇಲೆ ಹಳೆಯ ಟಿವಿ ಇದ್ದರೆ ಗಾಜು ಒಡೆಯದಂತೆ ಇಡೀ ಸೆಟ್ಟನ್ನು ಅಧಿಕೃತ ಸಂಗ್ರಹಕಾರರಿಗೆ ಕೊಡುವುದು ಕ್ಷೇಮ. ಬಾವಿಯ ಪಕ್ಕ ಎಸೆಯುವಂಥದಲ್ಲ ಅದು.

ರಿಪೇರಿಯ ಕೈ ಪೂರ್ತಿ ನಿಂತೂ ಇಲ್ಲ. ಈಗಿನ ಟಿವಿಗಳಲ್ಲಿ ಅತಿ ಸಾಮಾನ್ಯ ಕಾಯಿಲೆಗಳಲ್ಲೊಂದು, ಧ್ವನಿ ಬರುತ್ತದೆ, ಚಿತ್ರ ಇಲ್ಲ. ಪರದೆ ಸತ್ತಿತೆಂದು ಹೊಸದು ಕೊಳ್ಳಲು ಹೊರಡುವ ಮೊದಲು ಕೋಣೆಯ ದೀಪ ಆರಿಸಿ, ಪರದೆಗೆ ಹತ್ತಿರದಿಂದ ಓರೆಯಾಗಿ ಟಾರ್ಚ್ ಹಾಕಿ ನೋಡಬೇಕು. ಮಸುಕಾಗಿ ಚಿತ್ರ ಚಲಿಸುವುದು ಕಂಡರೆ ಪ್ಯಾನೆಲ್ಲು ಜೀವಂತ, ಸತ್ತಿರುವುದು ಹಿಂದಿನ ದೀಪ. ಎಲ್‌ಇಡಿಗಳನ್ನು ಸರದಂತೆ ಒಂದರ ಹಿಂದೊಂದು ಜೋಡಿಸಿರುವುದರಿಂದ ಒಂದು ಸುಟ್ಟರೂ ಸಾಲು ಆರುತ್ತದೆ. ಆ ಪಟ್ಟಿಗಳನ್ನು ಬದಲಾಯಿಸುವ ಕೆಲಸ ಸಣ್ಣ ಅಂಗಡಿಯಲ್ಲೂ ಆಗುವಂಥದು. ಪ್ಯಾನೆಲ್ಲು ಒಡೆಯದಂತೆ ಎತ್ತಿ ಇಡುವ ಕೈ ಬೇಕು. ಇನ್ನೂ ಕೆಡದ ಟಿವಿಯಾದರೆ ಸೆಟ್ಟಿಂಗಿನಲ್ಲಿ ಬ್ಯಾಕ್‌ಲೈಟನ್ನು ನೂರರಿಂದ ಐವತ್ತು-ಅರವತ್ತಕ್ಕೆ ಇಳಿಸಿಡಬಹುದು. ದೀಪದ ಬಿಸಿ ತಗ್ಗಿ ಆಯುಷ್ಯ ಹೆಚ್ಚುತ್ತದೆ, ರಾತ್ರಿ ಹೊತ್ತು ಪರದೆಯ ಕಪ್ಪೂ ತುಸು ಕಪ್ಪಾಗುತ್ತದೆ.